ಮೊದಲು ಓದಬೇಕಾದದ್ದು

ಹಳೇ ಹಸ್ತಪ್ರತಿಯ ಹನ್ನೆರಡನೇ ಹಾಳೆಯಲ್ಲಿ ಹುಳ ಕೊರೆದ ತೂತಿಗೆ ಇಳಿಸಿದ ಸೂಜಿ ಹದಿಮೂರಕ್ಕೆ ಹೋಗದೆ ನಿಂತಾಗ, ಬೈಂಡರ್ ರಾಜಾಸಾಬ್ ತಲೆ ಎತ್ತಿದರು. "ಇದನ್ನ ಹಿಂದ ಹೊಲಿದೋರು ಹಾಳಿ ಕಲಸ್ಯಾರ್ರಿ ಮೇಡಂ. ಹುಳ ನೆಟ್ಟಗ ಕೊರೀತೈತಿ, ನಡುವಿನ ಹಾಳಿ ಬಿಟ್ಟು ಜಿಗಿದು ತಿನ್ನಂಗಿಲ್ಲ."

ವಾಣಿಶ್ರೀಗೆ ಬಂದ ನಗು ತುಟಿಯಲ್ಲೇ ನಿಂತಿತು. ಹೊಳಲು ಊರಿನ ಮನೆಯೊಂದರ ಅಟ್ಟದಲ್ಲಿ ಸಿಕ್ಕ ಆ ಹಸ್ತಪ್ರತಿಯ ಲಿಪಿಯನ್ನು ಇವತ್ತಿಗೂ ಯಾರೂ ಓದಿಲ್ಲ. ಅದರ ಬಗ್ಗೆ ಓದಲೇಬೇಕಾದ ಲೇಖನಗಳ ಪಟ್ಟಿ ಅವಳ ಫೋನಿನಲ್ಲಿತ್ತು. ಒಂಬತ್ತು ಸಂಶೋಧಕರು ಹಂಚಿಕೊಂಡು ತುಂಬುವ ಪಟ್ಟಿ, ಮೂವತ್ನಾಲ್ಕು ಲೇಖನ, ಮೊದಲನೆಯದು ಅವಳದೇ. ಹಾಳೆಗಳು ಮೊದಲಿಂದಲೂ ಇದೇ ಕ್ರಮದಲ್ಲಿದ್ದವೆಂದು ಎಲ್ಲವೂ ನಂಬಿದ್ದವು.

ರಾಜಾಸಾಬ್ ಹೊಲಿಗೆ ಬಿಚ್ಚಿ ತೂತಿಗೆ ತೂತು ಕೂಡಿಸುತ್ತಾ ಹೋದರು. ಹನ್ನೆರಡರ ಪಕ್ಕಕ್ಕೆ ನಲವತ್ತು ಬಂದು ಕೂತಿತು. ಅವಳು ಲೇಖನದಲ್ಲಿ ಅಕ್ಷರವೆಂದೇ ಸಾಧಿಸಿದ್ದ ಅಂಚಿನ ಕೊಕ್ಕೆ, ಆಚೆ ಹಾಳೆಯ ಗೆರೆ ಸೇರಿ ಬಳ್ಳಿಯ ಚಿತ್ರವಾಯಿತು.

ವಾಣಿಶ್ರೀ ತನ್ನ ಲೇಖನವನ್ನು ಪಟ್ಟಿಯ ಕೊನೆಗೆ ತಳ್ಳಿ, ಮೇಲೆ ಬರೆದಳು: "ಒಂದು: ರಾಜಾಸಾಬ್, ಬುಕ್ ಬೈಂಡರ್, ಹರಪನಹಳ್ಳಿ. ಖುದ್ದಾಗಿ ಹೋಗಿ ನೋಡಿ."

ಇಣುಕಿ ನೋಡಿದ ರಾಜಾಸಾಬ್ ಗಾಬರಿಯಾದರು. "ನಾನೇನ್ ಬರದೀನ್ರಿ?"

"ಬರದದ್ದು ಹುಳಾರಿ," ಅಂದಳು. "ಓದಿದೋರು ನೀವೊಬ್ರ."