ಮೊತ್ಸುಮಿ ಆರಿಸಿದ ದನ

ಮೊತ್ಸುಮಿ ಹಸುವಿನ ಬಾಯಿ ಬಿಡಿಸಿ ಹಲ್ಲು ನೋಡಿದ. ಕೆಚ್ಚಲು ಮುಟ್ಟಿದ. ಕೈ ಒರೆಸಿಕೊಂಡು, "ಇದು ಬೇಡ," ಎಂದ.

ಮಗಳಿಗಾಗಿ ಗಂಡಿನವರು ಕೊಡುವ ತೆರದ ದನವನ್ನು ಹುಡುಗಿಯ ತಂದೆಯೇ ಹೋಗಿ ಆರಿಸುವುದು ಕಾನ್ಯೆ ಊರಿನ ಸುತ್ತಮುತ್ತ ಯಾರೂ ಕೇಳರಿಯದ ಸಂಗತಿ. ಗಂಡಿನವರು ಹೊಡೆದುಕೊಂಡು ಬಂದದ್ದನ್ನು ಒಪ್ಪಿಕೊಳ್ಳುವುದು ಮರ್ಯಾದೆ. ಆದರೆ ಮರ್ಯಾದೆಯಿಂದ ದೊಡ್ಡಿ ತುಂಬುತ್ತದೆಯೇ? "ನೀನೇ ಹೋಗಿ ನೋಡು ಭಾವ, ಮುದಿ ಹಸು ತಳ್ಳಿಬಿಟ್ಟಾರು," ಎಂದು ಹೆಂಡತಿಯ ಅಣ್ಣ ಮೊಲೆಫಿ ಕಿವಿಯಲ್ಲಿ ಊದಿದ. ಮೊತ್ಸುಮಿ ಹೊರಟೇಬಿಟ್ಟ. ಮೊಲೆಫಿಯೂ ಜೊತೆಗೆ ಬಂದ. ಹುಡುಗಿಯ ಸೋದರಮಾವ, ಅವನಿಗೂ ಒಂದು ದನ ಸಲ್ಲಬೇಕಲ್ಲ.

"ಸಿಮೆಂಟಾಲ್ ತಳಿ ಯಾಕೆ ಬೇಡ?" ಹುಡುಗನ ದೊಡ್ಡಪ್ಪ ಓಟ್ಸಿಲೆ ಕೇಳಿದ. "ಮೈ ನೋಡು, ಹಾಲು ನೋಡು."

"ಮೈ ದೊಡ್ಡದು, ಹೊಟ್ಟೆ ಅದಕ್ಕಿಂತ ದೊಡ್ಡದು. ಈ ಮರಳಿನಲ್ಲಿ ಅವಳ ಮುಂದೆ ಮೇವು ಸುರಿಯೋಕೆ ಒಬ್ಬ ಆಳು ಬೇಕು."

"ಷಾರೊಲೆ ಮಿಶ್ರದ್ದು?"

"ತೂಕ ಬರುತ್ತೆ, ಇಲ್ಲ ಅನ್ನಲ್ಲ. ಕರು ದಪ್ಪ. ಮೊದಲ ಹೆರಿಗೆಯಲ್ಲೇ ತಾಯಿ ಹೋಗ್ತಾಳೆ."

"ಹಾಗಾದರೆ ನಮ್ಮ ತ್ಸ್ವಾನಾ ದನವೇ ತಗೋ. ಮುಳ್ಳು ತಿಂದು ಬದುಕುತ್ತೆ."

"ಬದುಕುತ್ತೆ. ಆದರೆ ಕಸಾಯಿಖಾನೆ ತಕ್ಕಡಿಗೆ ಹಾಕಿದರೆ ಕೊಂಬಿನ ತೂಕವೇ ಹೆಚ್ಚು."

ಓಟ್ಸಿಲೆಗೆ ಪಿತ್ತ ನೆತ್ತಿಗೇರಿತು. "ನೀನು ಮಗಳನ್ನ ಕೊಡ್ತಿದ್ದೀಯೋ, ಸಂತೆ ಮಾಡ್ತಿದ್ದೀಯೋ?"

ಮೊತ್ಸುಮಿಯ ಕಣ್ಣು ಮೂಲೆಯಲ್ಲಿ ನಿಂತಿದ್ದ ಹೊಂಬಣ್ಣದ ಬೋಳು ಹಸುಗಳ ಮೇಲಿತ್ತು. ತುಲಿ ತಳಿ. ಕೊಂಬಿಲ್ಲ, ಜಗಳವಿಲ್ಲ, ವರ್ಷಕ್ಕೊಂದು ಕರು, ಮೆತ್ತನೆಯ ಮಾಂಸ. ಹೊಟ್ಟೆಗೆ ಕೈ ಒತ್ತಿ ಒತ್ತಿ ಎಂಟನ್ನು ಬೇರೆ ಮಾಡಿದ. ಎಂಟೂ ಗಬ್ಬದವು.

"ಆ ಬಿಳಿ ಕಾಲಿನದ್ದನ್ನೂ ಸೇರಿಸು ಭಾವ," ಮೊಲೆಫಿ ಮೆಲ್ಲಗೆ ಹೇಳಿದ. "ಸೊಂಟ ಅಗಲ ಇದೆ."

"ನಿನಗೂ ಸ್ವಲ್ಪ ಕಣ್ಣಿದೆ," ಎಂದು ಮೊತ್ಸುಮಿ ಅದನ್ನು ಸೇರಿಸಿ, ಸಣಕಲು ಒಂದನ್ನು ಬಿಟ್ಟ.

ಜೋಳದ ಬಿಯರ್ ಬಂತು. ಮೊತ್ಸುಮಿಯ ನಾಲಿಗೆ ಸಡಿಲವಾಯಿತು. "ದನ ಆರಿಸೋದು ಅರ್ಧ ವಿದ್ಯೆ. ಉಳಿಸಿಕೊಳ್ಳೋದು ಇನ್ನರ್ಧ. ನನ್ನ ಮದುವೇಲಿ ಈ ಮೊಲೆಫಿಯ ಅಪ್ಪ ಎಂಟು ಕೇಳಿದ. ಗಬ್ಬ ಆಗಿವೆ, ಈಯಲಿ ತಡಿ ಅಂದೆ. ಈದ ಮೇಲೆ ಕರು ಸಣ್ಣದು ಅಂದೆ. ಅಷ್ಟರಲ್ಲಿ ಮತ್ತೆ ಗಬ್ಬ."

ಎಲ್ಲರೂ ನಕ್ಕರು. ಮೊಲೆಫಿಯೂ ನಕ್ಕ, ಎಲ್ಲರಿಗಿಂತ ಹೆಚ್ಚು ಹೊತ್ತು.

ಕಾಯುತ್ತಾ ಕಾಯುತ್ತಾ ಮಾವ ತೀರಿಕೊಂಡ. ಆಮೇಲೆ ಯಾರೂ ಆ ಮಾತೆತ್ತಲಿಲ್ಲ. ಆ ಮಂದೆಯಾದರೂ ನಿಂತಿತೇ? ಮೊತ್ಸುಮಿ ಅದನ್ನು ಮಾರಿ ಲಾರಿ ಕೊಂಡ. ಲಾರಿ ಈಗ ಇಟ್ಟಿಗೆಯ ಮೇಲೆ ನಿಂತಿದೆ, ಒಳಗೆ ಕೋಳಿ ಮಲಗುತ್ತವೆ. ದನವಿಲ್ಲದವನ ಮಾತನ್ನು ಕೋಟ್ಲಾ ಎನ್ನುವ ಕೇರಿಯ ಪಂಚಾಯಿತಿ ಕಟ್ಟೆಯಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಅವನು ಬಾಯಿ ತೆರೆದರೆ ಹಿರಿಯರು ನಶ್ಯದ ಡಬ್ಬಿ ತೆರೆಯುತ್ತಿದ್ದರು. ಆ ಅವಮಾನ ಅವನನ್ನು ಒಳಗೊಳಗೇ ತಿಂದಿತ್ತು. ಈ ಎಂಟು ಹಸು ಬಂದರೆ ಅವನು ಮತ್ತೆ ಮನುಷ್ಯ.

ಮನೆಗೆ ಬಂದಾಗ ಹೆಂಡತಿ ಸೆತುನ್ಯಾ ಜೋಳ ಕುಟ್ಟುತ್ತಿದ್ದಳು. ಊರಿನ ಮದುವೆಗಳಲ್ಲಿ ಮುತ್ತೈದೆಯರ ಸಾಲಿನಲ್ಲಿ ಕೂರದೆ ಒಲೆಯ ಹತ್ತಿರವೇ ಉಳಿಯುವ ಹೆಂಗಸು ಅವಳು. ನಾಚಿಕೆ ಸ್ವಭಾವ ಎಂದು ಮೊತ್ಸುಮಿ ಎಲ್ಲರಿಗೂ ಹೇಳುತ್ತಿದ್ದ.

"ಯಾವುದು ಆರಿಸಿದೆ?" ಎಂದಳು.

"ತುಲಿ. ಎಂಟೂ ಗಬ್ಬ."

"ಅಣ್ಣನಿಗೆ ತುಲಿ ಅಂದರೆ ಇಷ್ಟ."

"ಅವನಿಗೆ ಸಲ್ಲಬೇಕಾದ್ದು ಒಂದೇ. ಎಲ್ಲಾದರೂ ಒಂದು ಮುದಿ ಎತ್ತು ಹುಡುಕಿ ಕೊಟ್ಟರಾಯಿತು."

ಅವಳು ಒನಕೆ ಎತ್ತಿದಳು. ಮೊತ್ಸುಮಿ ಹೊಸ ಮುಳ್ಳು ಕಡಿದು ದೊಡ್ಡಿಗೆ ಬೇಲಿ ಕಟ್ಟತೊಡಗಿದ. ಅಂಗೈ ಬೊಬ್ಬೆ ಬಂದರೂ ಬಿಡಲಿಲ್ಲ.

ದನ ಬಂದದ್ದು ಬೆಳಕು ಹರಿಯುವಾಗ. ಹೆಂಗಸರು ಉಲುಲು ಎಂದು ಸಂಭ್ರಮದ ಕೂಗು ಹಾಕಿದರು. ಮಗಳು ಲೆಸೆಗೊ ಕಂಬಳಿ ಹೊದ್ದು ತಲೆ ತಗ್ಗಿಸಿ ಕುಳಿತಿದ್ದಳು. ಎಂಟು ತುಲಿಗಳು ಒಂದರ ಹಿಂದೊಂದು ದೊಡ್ಡಿಯೊಳಗೆ ನಡೆದವು, ಬಿಳಿ ಕಾಲಿನದು ಎಲ್ಲದರ ಮುಂದೆ. ಹಿರಿಯರೆಲ್ಲ ನೋಡುತ್ತಿದ್ದಾರೆ ಎಂಬುದು ಗೊತ್ತಿದ್ದೇ ಮೊತ್ಸುಮಿ ನಿಧಾನವಾಗಿ ದೊಡ್ಡಿಯ ಬಾಗಿಲಿಗೆ ಅಡ್ಡಗೋಲು ಎತ್ತಿದ.

ಮೊಲೆಫಿ ಅದರ ಇನ್ನೊಂದು ತುದಿ ಹಿಡಿದುಕೊಂಡ.

"ಹಾಕಬೇಡ ಭಾವ. ಸುಮ್ಮನೆ ಮತ್ತೆ ತೆಗೀಬೇಕಾಗುತ್ತೆ."

"ನಿನ್ನ ಒಂದನ್ನ ಆಮೇಲೆ ಕೊಡ್ತೀನಿ, ಬಿಡು."

"ಒಂದಲ್ಲ. ನಮ್ಮಪ್ಪ ಕೇಳಿದ್ದು ಎಂಟು."

ಮೊತ್ಸುಮಿ ಹಿರಿಯರ ಕಡೆ ತಿರುಗಿದ. ಈ ಸಲ ಯಾರೂ ನಶ್ಯದ ಡಬ್ಬಿ ತೆಗೆಯಲಿಲ್ಲ. ಕೇರಿಯ ಯಜಮಾನ ಕೋಲೂರಿ ಎದ್ದ. "ಹೆಂಡತಿಯ ತೆರ ಕೊಡದವನು ಮಗಳ ತೆರ ಕಟ್ಟಿಕೊಳ್ಳೋ ಹಾಗಿಲ್ಲ. ಇದು ನಿನಗೆ ಗೊತ್ತಿಲ್ಲದ್ದಲ್ಲ, ಮೊತ್ಸುಮಿ. ತೆರ ಸಲ್ಲದೆ ಮದುವೆ ಪೂರ್ತಿ ಆಗಲ್ಲ. ದನ ಮೊದಲು ಸೆತುನ್ಯಾಳ ತವರಿಗೆ ಹೋಗಲಿ."

"ಇಷ್ಟು ವರ್ಷ ಒಂದು ಮಾತು ಕೇಳಲಿಲ್ಲವಲ್ಲೋ ನೀನು," ಎಂದು ಮೊತ್ಸುಮಿ ಮೊಲೆಫಿಗೆ ಹೇಳಿದ.

"ಕೇಳಿದ್ದರೆ ಯಾವುದೋ ಸಣಕಲು ತಳಿ ತಂದು ಕಟ್ಟುತ್ತಿದ್ದೆ," ಎಂದ ಮೊಲೆಫಿ. "ನಿನಗೇ ಅಂತ ಆರಿಸಿದರೆ ನಿನ್ನಷ್ಟು ಚೆನ್ನಾಗಿ ಆರಿಸೋರು ಯಾರೂ ಇಲ್ಲ."

ಒಳಗಿಂದ ಸೆತುನ್ಯಾ ಹೊಸ ಶಾಲು ಹೊದ್ದು ಬಂದಳು. ಬಿಳಿ ಕಾಲಿನ ಹಸುವಿನ ಬೆನ್ನು ತಟ್ಟಿ, ಎಂಟನ್ನೂ ಅಣ್ಣನ ದೊಡ್ಡಿಯತ್ತ ಹೊಡೆದುಕೊಂಡು ಹೋದಳು. ಮೂವರು ಮಕ್ಕಳನ್ನು ಹೆತ್ತ ಮೇಲೆ, ಆ ಬೆಳಿಗ್ಗೆ, ಅವಳು ಮೊತ್ಸುಮಿಯ ಹೆಂಡತಿಯಾದಳು.