ಕೊನೆಯ ಸಂಚಿಕೆಯ ಬಿಸಿಲು

ಸೂರ್ಯ ಕಾಣದೆ ಮೂರು ವರ್ಷವಾಗಿತ್ತು. ಗದಗಿನ ಜನ ನಿಂತುಹೋದ ದಿನಪತ್ರಿಕೆ ‘ಪೇಟೆಬೆಳಗಿ’ನ ಹಳೆಯ ಸಂಚಿಕೆಯನ್ನು ಅಂಗಳದಲ್ಲಿ ಹಾಸುತ್ತಿದ್ದರು; ಅದು ಅಚ್ಚಾದ ದಿನದ ಬಿಸಿಲೋ ಮಳೆಯೋ ಒಂದು ತಾಸು ಬಂದು, ಹಾಳೆ ಬರಿದಾಗುತ್ತಿತ್ತು.

ಕೊನೆಯ ಸಂಚಿಕೆ ನೀಲವ್ವನ ಟ್ರಂಕಿನಲ್ಲಿತ್ತು. ಅದರಲ್ಲಿ ಅಚ್ಚಿನ ಯಂತ್ರದ ಪಕ್ಕ ನಿಂತ ಅವಳ ಗಂಡನ ಫೋಟೊ. ತೀರಿಹೋದವನದು ಉಳಿದದ್ದು ಅದೊಂದೇ. ಪಕ್ಕದ ಮನೆಯ ಶಿವಲೀಲಾಳ ಹಸುಗೂಸಿಗೆ ಕಾಮಾಲೆ ಏರಿ, ಮೈಗೆ ಬಿಸಿಲು ಬೇಕಾದಾಗ ನೀಲವ್ವ ಅದನ್ನೇ ತೆಗೆದಳು.

“ಬ್ಯಾಡ ಯವ್ವಾ, ಇದರಾಗ ಮಳಿ ಅಂತ ಬರದಾರ,” ಎಂದಳು ಶಿವಲೀಲಾ.

“ಈ ಪೇಪರಿನವರು ಹೇಳಿದ ಮಳಿ ಎಂದಾದ್ರೂ ಬಂದಿತ್ತೇನ? ಅವತ್ತ ನಾ ಮಾಳಗಿ ಮ್ಯಾಲ ಮೆಣಸಿನಕಾಯಿ ಒಣಗಿಸೀನಿ. ಕೂಸಿನ ಅಂಗಿ ತಗಿ.”

ಹಾಸಿದೊಡನೆ ಬಿಸಿಲು ಅಂಗಳ ತುಂಬಿತು. ಪೇಪರಿನ ಮೇಲೆ ಮಲಗಿಸಿದ ಕೂಸು ಎರಡು ಸಲ ಸೀನಿ, ಅಲ್ಲೇ ಉಚ್ಚೆ ಹೊಯ್ದಿತು.

“ಪೇಪರಿಗೆ ಹನಿ ನೀರ ಬಿದ್ರೂ ಒದರತಿದ್ರು ನಮ್ಮವರು,” ಎಂದು ನೀಲವ್ವ ನಕ್ಕಳು. ಗಂಡನ ಮುಖ ಮಾಸುತ್ತಿದ್ದಂತೆ ಕೂಸನ್ನು ಹೊರಳಿಸಿ, ಬೆನ್ನಿಗೂ ಬಿಸಿಲು ಕೊಟ್ಟಳು.