ಆಯ್ತು ಮೇಡಂ

“ಅರ್ಥ ಆಯ್ತಾ?” ಗಣಿತದ ಮೇಡಂ ಸೀಮೆಸುಣ್ಣ ಕೆಳಗಿಟ್ಟು ಕೇಳಿದರು.

“ಆಯ್ತು ಮೇಡಂ...” ಎಂಟನೇ ತರಗತಿಯ ಮೂವತ್ತಾರು ಮಕ್ಕಳು ರಾಗವಾಗಿ ಹೇಳಿದರು. ಅದೇ ಹೊತ್ತಿಗೆ ಗೋಡೆಯ ಪರದೆಯ ಮೇಲೆ ಕೆಂಪು ಅಂಕಿ ಹತ್ತಾಯಿತು, ಇಪ್ಪತ್ತಾಯಿತು, ಮೂವತ್ತೊಂದಕ್ಕೆ ಬಂದು ನಿಂತಿತು. ಅರ್ಥವಾಗದವರು ತಮ್ಮ ಟ್ಯಾಬಿನಲ್ಲಿ ಒತ್ತುವ ಗುಂಡಿಯ ಲೆಕ್ಕ ಅದು. ಒತ್ತಿದವರು ಯಾರೆಂದು ಮಾತ್ರ ತಿಳಿಯುವುದಿಲ್ಲ.

ಈ ಕಿತಾಪತಿ ಮಕ್ಕಳದ್ದೇ. ಪಾಠ ಹೇಗಿರಬೇಕು ನೀವೇ ಹೇಳಿ ಎಂದು ಹೆಡ್‌ಮಾಸ್ಟರ್ ಕೇಳಿದ್ದೇ ತಡ, ಕಂಪ್ಯೂಟರ್ ಮುಂದೆ ಕೂತರೆ ಊಟ ಮರೆಯುವ ‘ಸ್ಕ್ರೂ’ ಎಂಬ ಅಡ್ಡಹೆಸರಿನ ಹುಡುಗಿ ಗೆಳತಿಯರನ್ನು ಕಟ್ಟಿಕೊಂಡು ಒಂದೇ ವಾರದಲ್ಲಿ ಇದನ್ನು ಮಾಡಿ ತಂದಿದ್ದಳು. ಇಟ್ಟುಕೊಳ್ಳಬೇಕೋ ಬೇಡವೋ, ಇವತ್ತು ಮೇಡಂ ಹೇಳಬೇಕು. ಬೇಡ ಎನ್ನಲು ಅವರು ಮನೆಯಿಂದಲೇ ಸಿದ್ಧರಾಗಿ ಬಂದಿದ್ದರು.

“ಏನ್ರೋ ಇದು? ಬಾಯಲ್ಲಿ ಆಯ್ತು ಅಂತೀರಿ, ಬೆರಳಲ್ಲಿ ಇಲ್ಲ ಅಂತೀರಿ. ಯಾವುದನ್ನ ನಂಬ್ಲಿ?”

ಸ್ಕ್ರೂ ಎದ್ದು ನಿಂತಳು. “ಬೆರಳನ್ನ ಮೇಡಂ. ಆಯ್ತು ಅನ್ನೋದು ಒಂದನೇ ಕ್ಲಾಸಿಂದ ಅಭ್ಯಾಸ ಆಗ್ಬಿಟ್ಟಿದೆ.”

ಮೇಡಂಗೆ ಮೈಯೆಲ್ಲ ಉರಿಯಿತು. ಇಪ್ಪತ್ತೆರಡು ವರ್ಷ! ಎಷ್ಟು ಸಾವಿರ ಸಲ ಆ ಉತ್ತರ ಕೇಳಿ ನಿಶ್ಚಿಂತೆಯಿಂದ ಮುಂದಿನ ಪುಟ ತಿರುಗಿಸಿದ್ದರು. ಅದರಲ್ಲಿ ನಿಜವಾದದ್ದು ಎಷ್ಟು?

“ಸರಿ, ಏನು ಅರ್ಥ ಆಗಿಲ್ಲ ಹೇಳು.”

“ಮೈನಸ್ ಇಂಟು ಮೈನಸ್ ಪ್ಲಸ್ ಅಂದ್ರಲ್ಲ, ಯಾಕೆ ಪ್ಲಸ್ ಮೇಡಂ?”

“ಅದು ನಿಯಮ ಕಣೇ!”

ಅಂಕಿ ಜಗ್ಗಲಿಲ್ಲ. ಮೇಡಂ ಬೋರ್ಡಿಗೆ ತಿರುಗಿ ಅಡ್ಡಗೆರೆ ಎಳೆದರು, ಅಳಿಸಿದರು. ಮಹಡಿ ಮೆಟ್ಟಿಲಿನ ಉದಾಹರಣೆ ಹಿಡಿದರು. ಮೂರು ಮೆಟ್ಟಿಲು ಇಳಿಯುವಷ್ಟರಲ್ಲಿ ತಾವೇ ಸಿಕ್ಕಿಕೊಂಡರು. ಮತ್ತೆ ಅಳಿಸಿದರು. ಕೈ ತುಂಬ ಸುಣ್ಣದ ಪುಡಿ. ತಮ್ಮ ಮೇಷ್ಟ್ರು ಕೂಡ ನಿಯಮ ಎಂದೇ ಹೇಳಿದ್ದರು. ತಾವೂ ಎಲ್ಲರ ಜೊತೆ ಆಯ್ತು ಸಾರ್ ಎಂದಿದ್ದರು.

ಬೆಲ್ ಹೊಡೆಯಿತು. ಒಬ್ಬರೂ ಎದ್ದು ಹೋಗಲಿಲ್ಲ.

“ಇನ್ನೊಂದು ಟ್ಯಾಬ್ ಇದ್ರೆ ಕೊಡೇ,” ಎಂದರು ಮೇಡಂ.

ಸ್ಕ್ರೂ ಕಪಾಟಿನಿಂದ ತೆಗೆದುಕೊಟ್ಟಳು. ಮೇಡಂ ಸುಣ್ಣ ಮೆತ್ತಿದ ಬೆರಳನ್ನು ಸೆರಗಿಗೆ ಒರೆಸಿಕೊಂಡು ಗುಂಡಿಯ ಮೇಲಿಟ್ಟರು.

ಗೋಡೆಯ ಮೇಲಿನ ಅಂಕಿ ಮೂವತ್ತೆರಡಾಯಿತು.